ಗಂಡ ಬದುಕಿದ್ದ ತಪ್ಪಿಗೆ

ಅವಳನ್ನು ನಾವೆಲ್ಲ ಇಸ್ತ್ರಿಯಕ್ಕ ಎನ್ನುತ್ತಿದ್ದೆವು. ಲಾಂಡ್ರಿಯಲ್ಲಿ ಮೂವತ್ತು ವರ್ಷ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕಿ ಹಾಕಿ ಅವಳ ಬಲಭುಜ ಎಡಕ್ಕಿಂತ ಎರಡು ಬೆರಳು ದಪ್ಪವಾಗಿತ್ತು. ಆ ಭುಜಕ್ಕೆ ಇನ್ನೊಂದು ಕೆಲಸವೂ ಇತ್ತು. ಹೆಣ ಹೊರುವುದು.

ಬಟ್ಟೆ ಅಂಗಡಿಯ ಮಹಡಿಯಲ್ಲಿ ಗಂಡಸರ ಸಹೋದರ ಸಂಘವಿತ್ತು. ಗುಟ್ಟಿನ ಕೈಕುಲುಕು, ಎದೆಗೊಂದು ಬಿಲ್ಲೆ, ಕಾಯಿಲೆ ಬಿದ್ದವರಿಗೆ ನೆರವು. ಆ ಗಂಡಸರ ಮನೆಯ ಹೆಂಗಸರಿಗೆಂದೇ ಇದ್ದ ಅದರ ಅಂಗಸಂಸ್ಥೆ ಸಹೋದರಿ ಮಂಡಳಿ. ಮಂಡಳಿಯ ಹೆಂಗಸು ಸತ್ತರೆ ಶವಪೆಟ್ಟಿಗೆಯನ್ನು ಆ ಮಹಡಿಯ ಸಭಾಂಗಣದಲ್ಲಿಟ್ಟು, ನೀಲಿ ಪಟ್ಟಿ ತೊಟ್ಟ ಆರು ಸಹೋದರಿಯರೇ ಹೊತ್ತು ಇಳಿಸಬೇಕು. ಇಸ್ತ್ರಿಯಕ್ಕ ಯಾವಾಗಲೂ ಮುಂದೆ, ಬಲಗಡೆ. ನಲವತ್ತೊಂದು ಪೆಟ್ಟಿಗೆ ಹೊತ್ತಿದ್ದಳು.

ಕಾರ್ಮಿಕ ಚಳವಳಿಯವರಾದ ನಾವು ಆ ಪಟ್ಟಿ, ಬಿಲ್ಲೆಗಳನ್ನು ಆಡಿಕೊಂಡು ನಗುತ್ತಿದ್ದೆವು.

"ನಗ್ರೋ, ನಗ್ರಿ. ನೀವು ಸತ್ತಾಗ ನಿಮ್ಮ ಬ್ಯಾನರ್ ಬಂದು ಹೊರುತ್ತಾ ನೋಡ್ತೀನಿ," ಎನ್ನುತ್ತಿದ್ದಳು.

ಅವಳ ಜೀವದ ಗೆಳತಿ ಆಸ್ಪತ್ರೆಯ ನರ್ಸು. ಅಣ್ಣನ ಕಡೆಯಿಂದ ಮಂಡಳಿ ಸೇರಿದ್ದವಳು. ಹಾಸಿಗೆ ಹಿಡಿದಾಗ ನರ್ಸು ಮಾತು ತೆಗೆದುಕೊಂಡಳು. "ಮುಂದೆ ನೀನೇ ಇರ್ಬೇಕು ಕಣೆ. ಬೇರೆಯವರು ಮೆಟ್ಟಿಲ ಮೇಲೆ ಉರುಳಿಸಿಬಿಡ್ತಾರೆ."

"ಸಾಯೋಳಿಗೆ ಎಷ್ಟು ಧಿಮಾಕು! ಆಯ್ತು ಬಿಡೇ, ಮಾತು ಕೊಟ್ಟೆ."

ಇಸ್ತ್ರಿಯಕ್ಕನ ಗಂಡ ಬಸ್ ಡಿಪೋದ ಮೆಕ್ಯಾನಿಕ್, ಸಂಘದ ಸದಸ್ಯ. ಸಂಘದ ಮುಖ್ಯಸ್ಥನೇ ಡಿಪೋ ಮ್ಯಾನೇಜರ್. ನಾವು ಡಿಪೋದಲ್ಲಿ ಮುಷ್ಕರ ಹೂಡಿದಾಗ ಆ ಪುಣ್ಯಾತ್ಮ ಮುಷ್ಕರದ ಸಹೋದರರ ಜಾಗಕ್ಕೆ ಬೇರೆ ಸಹೋದರರನ್ನು ತಂದು ಕೂರಿಸಿದ. ನಮ್ಮವರಲ್ಲೇ ಸಂಘದಲ್ಲಿದ್ದ ಹನ್ನೊಂದು ಜನ ಸಂಘಕ್ಕೆ ರಾಜೀನಾಮೆ ಕೊಟ್ಟು ಬಿಲ್ಲೆಗಳನ್ನು ಅವನ ಮೇಜಿನ ಮೇಲೆ ಎಸೆದು ಬಂದರು. ಕಾಗದ ಬರೆದವನು ನಾನು. ಮೆಕ್ಯಾನಿಕ್‌ನ ಕೈಗೆ ಪೆನ್ನು ಕೊಟ್ಟವನೂ ನಾನೇ.

ಮೂರೇ ದಿನಕ್ಕೆ ನರ್ಸು ತೀರಿಹೋದಳು.

ಮಂಡಳಿಯ ಬಾಗಿಲಲ್ಲಿ ಪ್ರತಿ ಸಲವೂ ಒಂದು ಪ್ರಶ್ನೆ ಕೇಳುತ್ತಾರೆ: "ಯಾವ ಸಹೋದರನಿಗೆ ನೀನು ಏನಾಗಬೇಕು?" ಹೆಂಡತಿ, ತಾಯಿ, ತಂಗಿ, ವಿಧವೆ, ಹೀಗೆ ಏನಾದರೊಂದು ಹೇಳಬೇಕು. ಅವತ್ತು ಬಾಗಿಲಲ್ಲಿದ್ದದ್ದು ದರ್ಜಿಯ ಸೊಸೆ. ಆ ಪ್ರಶ್ನೆಯನ್ನು ಗಂಟಲು ಬಿಚ್ಚಿ ಕೇಳಲು ಅವಳಿಗೆ ಕಲಿಸಿದ್ದು ಇಸ್ತ್ರಿಯಕ್ಕನೇ. ಈಗ ಆ ಹುಡುಗಿ ಪಿಸುಗುಟ್ಟಿದಳು. ಇಸ್ತ್ರಿಯಕ್ಕ ಅಭ್ಯಾಸಬಲದಿಂದ ಗಂಡನ ಹೆಸರು ಹೇಳಿದಳು. ಹುಡುಗಿ ಬಾಗಿಲು ಬಿಡಲಿಲ್ಲ, ಅಳತೊಡಗಿದಳು.

ಒಳಗಿಂದ ಅಧ್ಯಕ್ಷೆ ಬಂದಳು. "ಯಜಮಾನ್ರು ಬಿಟ್ಟ ದಿನವೇ ನಿಮ್ಮ ಹೆಸರೂ ಹೋಯ್ತಲ್ಲ. ನಿಯಮ."

"ಬಿಟ್ಟಿದ್ದು ಅವನು. ನಾನೆಲ್ಲಿ ಬಿಟ್ಟೆ?"

"ಸಂಘದಲ್ಲಿದ್ದಾಗಲೇ ಅವರು ತೀರಿಕೊಂಡಿದ್ರೆ ನೀವು ಉಳೀತಿದ್ರಿ. ವಿಧವೆಯರಿಗೆ ಅವಕಾಶ ಇದೆ."

ಮೆಟ್ಟಿಲ ಬುಡದಲ್ಲಿ ನಾನೂ ಅವಳ ಗಂಡನೂ ನಿಂತಿದ್ದೆವು. ಲಾಠಿ ಏಟು ತಿಂದಿದ್ದೇನೆ, ಜೈಲಿನ ನೆಲದಲ್ಲಿ ಮಲಗಿದ್ದೇನೆ. ಆ ಮಾತು ಮಾತ್ರ ಅವೆರಡಕ್ಕಿಂತ ಬಲವಾಗಿ ತಾಗಿತು. ಎಷ್ಟು ಮರ್ಯಾದೆಯಿಂದ ಹೇಳಿದಳು! ಕುರ್ಚಿ ಖಾಲಿ ಇಲ್ಲ ಎಂದಷ್ಟೇ ಸಲೀಸಾಗಿ.

ಇಸ್ತ್ರಿಯಕ್ಕ ಕೆಳಗಿಳಿದು ಬಂದಳು. ಮುಖ ಅವಳದೇ ಚಾದರದ ಹಾಗೆ ಬೆಳ್ಳಗಾಗಿತ್ತು.

"ಅಂದ್ರೆ ನಾನು ಬದುಕಿರೋದೇ ತಪ್ಪಾ?" ಎಂದ ಗಂಡ. ತಮಾಷೆ ಮಾಡಲು ಹೋಗಿದ್ದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. "ಆ ಕಾಗದ ಬರೆಯೋವಾಗ ನನ್ನನ್ನ ಒಂದು ಮಾತು ಕೇಳಿದ್ರಾ?"

"ಹೊಳೀಲಿಲ್ಲ ಅಕ್ಕ."

"ಆ ನಿಯಮ ಬರೆದವರಿಗೂ ಹೊಳೀಲಿಲ್ಲ."

ಅಷ್ಟೇ ಅಂದಳು.

ಅಷ್ಟರಲ್ಲಿ ಪೆಟ್ಟಿಗೆ ಬಾಗಿಲು ದಾಟಿತು. ಮುಂದಿನ ಬಲಗಡೆಗೆ ದರ್ಜಿಯ ಸೊಸೆಯನ್ನೇ ಹಾಕಿದ್ದರು. ಗುಬ್ಬಚ್ಚಿಯಂಥ ಹುಡುಗಿ. ನಾಲ್ಕನೇ ಮೆಟ್ಟಿಲಿಗೆ ಅವಳ ಮೊಣಕಾಲು ಮಡಚಿತು, ಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿತು, ಒಳಗೆ ಏನೋ ಸರಿದ ಸದ್ದಾಯಿತು. ನಾವು ಬಾಯಿ ಬಿಟ್ಟು ನಿಂತಿದ್ದಾಗಲೇ ಇಸ್ತ್ರಿಯಕ್ಕ ಮೆಟ್ಟಿಲೇರಿ ಹೋಗಿ ಭುಜ ಕೊಟ್ಟಾಗಿತ್ತು.

"ಪಟ್ಟಿ ಇಲ್ದೆ ಮುಟ್ಟಬಾರದು, ಸಹೋದರಿ!" ಮೇಲಿನಿಂದ ಅಧ್ಯಕ್ಷೆ ಕೂಗಿದಳು.

"ಸಹೋದರಿ ಅಲ್ಲ ಅಂದ್ರಲ್ಲ," ಎಂದಳು ಇಸ್ತ್ರಿಯಕ್ಕ, ತಿರುಗಿಯೂ ನೋಡದೆ. "ಮತ್ತೆ ನಿಮ್ಮ ಮಾತು ನಾನ್ಯಾಕೆ ಕೇಳ್ಲಿ?" ಆಮೇಲೆ ಹಿಂದಿನವರಿಗೆ, "ಹೆಜ್ಜೆ ಚಿಕ್ಕದಿಡ್ರೇ. ಇವಳಿಗೆ ಕುಲುಕಿದ್ರೆ ಆಗಲ್ಲ."

ಹಿಂದಿನ ನಾಲ್ವರೂ ಅಧ್ಯಕ್ಷೆಯ ಮುಖ ನೋಡಲಿಲ್ಲ. ಹೆಜ್ಜೆ ಚಿಕ್ಕದಿಟ್ಟರು.