ಕಣ್ಣು ತೆರೆದು ಕೂತ ಮುಂಜಾನೆಗಳು

ನನ್ನ ಗಂಡ ತೀರಿಕೊಂಡಾಗ ನಾನು ಬಸ್ಸಿನಲ್ಲಿದ್ದೆ. ದಾಂಡೇಲಿಯಿಂದ ಜೊಯಿಡಾದ ಸರಕಾರಿ ಕಚೇರಿಗೆ ದಿನಾ ಹೋಗಿಬರುವ ನೌಕರಿ ನನ್ನದು. ಊರು ದಾಟಿ ಕಾಡು ಹೊಕ್ಕರೆ ಫೋನು ಹತ್ತುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಅವರು ಚಹಾ ಕುಡಿದು ಮಲಗಿದವರು ಏಳಲಿಲ್ಲ. ಜೊಯಿಡಾದಲ್ಲಿ ಇಳಿದ ಮೇಲೆ ಸುದ್ದಿ ಸಿಕ್ಕಿತು. ಆಗ ವಾಪಸ್ ಬಸ್ಸಿರಲಿಲ್ಲ. ಕಚೇರಿಯವರೊಬ್ಬರು ಬೈಕಿನಲ್ಲಿ ಮನೆಗೆ ತಂದು ಬಿಟ್ಟರು.

ರಜೆ ಮುಗಿದ ಮೇಲೆ ಕೆಲವು ದಿನ ಏನೂ ಆಗಲಿಲ್ಲ. ಆಮೇಲೊಮ್ಮೆ ಬಸ್ಸು ಕಾಡು ಹೊಕ್ಕು ಫೋನಿನ ಸಿಗ್ನಲ್ ಹೋದದ್ದೇ ತಡ, ಎದೆ ಬಿಗಿದು ಉಸಿರು ಗಂಟಲಲ್ಲೇ ನಿಂತಿತು. ಬಸ್ಸು ನಿಲ್ಲಿಸಿ ಎಂದು ಕೂಗಿದೆ.

“ಇಲ್ಲೆಲ್ಲಿ ಇಳೀತೀರಿ ಅಕ್ಕಾರ, ಬರೇ ಕಾಡೈತ್ರಿ,” ಎಂದ ಕಂಡಕ್ಟರ್. ಆದರೂ ಇಳಿದೆ. ಅವನು ನೀರು ಕೊಟ್ಟು, ನಾನು ಸುಧಾರಿಸಿಕೊಳ್ಳುವವರೆಗೆ ಬಸ್ಸು ನಿಲ್ಲಿಸಿಕೊಂಡಿದ್ದ.

ಡಾಕ್ಟರು ಪರೀಕ್ಷೆ ಮಾಡಿ, ಹೃದಯಕ್ಕೇನೂ ಆಗಿಲ್ಲ, ಇದು ಗಾಬರಿ ಎಂದರು. ಮಾತ್ರೆ ಬರೆದುಕೊಟ್ಟು, ಪ್ರಾಣಾಯಾಮವನ್ನೂ ಮಾಡಿ ಎಂದರು. ನಮ್ಮ ಓಣಿಯಲ್ಲಿ ಧಾರವಾಡದ ಕಡೆಯ ಹೆಂಗಸೊಬ್ಬರು ಮುಂಜಾನೆ ತಮ್ಮ ಪಡಸಾಲೆಯಲ್ಲಿ ಯೋಗ ಹೇಳಿಕೊಡುತ್ತಿದ್ದರು. ಹೋದೆ. ಕಣ್ಣು ಮುಚ್ಚಿದರೆ ಸಾಕು, ನನ್ನ ಗಂಡ ಮಲಗಿದ್ದ ಮಂಚವೇ ಎದುರು ಬರುತ್ತಿತ್ತು. ಎರಡನೆಯ ದಿನವೇ ಎದ್ದು ಹೊರಟೆ.

“ಕಣ್ಣ ತಗದ ಕುಂದರ್ರಿ. ಮುಚ್ಚಬೇಕಂತ ಯಾರ ಹೇಳ್ಯಾರ?” ಎಂದರು ಆಕೆ. “ಉಸಿರು ತಗೊಳ್ಳೂದಕ್ಕ ಒದ್ದಾಡಬ್ಯಾಡ್ರಿ. ಸಾವಕಾಶ ಹೊರಗ ಬಿಡ್ರಿ. ಒಳಗಿಂದು ತಾನಽ ಬರ್ತೈತಿ.”

ಅವರ ತುಳಸಿ ಗಿಡ ನೋಡುತ್ತ ಉಸಿರು ಬಿಡುವುದನ್ನು ಕಲಿತೆ. ದುಃಖ ಕಡಿಮೆಯಾಯಿತು ಎನ್ನಲಾರೆ. ಬಸ್ಸಿನಲ್ಲಿ ಎದೆ ಬಿಗಿದಾಗ ಮಾತ್ರ ಮುಂದಿನ ಸೀಟಿನ ಕಂಬಿ ಹಿಡಿದು ಅದನ್ನೇ ಮಾಡುತ್ತಿದ್ದೆ. ಬಿಗಿತ ಬರುತ್ತಿತ್ತು, ಹೋಗುತ್ತಿತ್ತು. ನಾನು ಇಳಿಯುತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಇದ್ದರು. ಮಗ ಹೋದಾಗಿನಿಂದ ಅವರ ಮಾತು ನಿಂತಂತೆಯೇ ಆಗಿತ್ತು. ಒಂದು ರವಿವಾರ ಚಾಪೆ ಹಾಸಿ ಉಸಿರು ಬಿಡುತ್ತ ಕೂತಿದ್ದೆ. ಅತ್ತೆ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

“ನನಗೂ ಹೇಳಿಕೊಡವಾ. ನೀ ಹೋದ ಮ್ಯಾಲೆ ಫೋನ್ ಹಚ್ಚತೇನಿ, ಹತ್ತೂದಿಲ್ಲ. ನೀ ಬಂದು ಚಪ್ಪಲಿ ಬಿಡೂತನಕ ನನ್ನ ಎದಿನೂ ಹಿಡಕೊಂಡಿರ್ತೈತಿ.”

ನನಗೆ ಇದು ಹೊಳೆದೇ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೂ ಅದೇ ಉಸಿರು ಕಟ್ಟುತ್ತಿತ್ತು. ಅಂದಿನಿಂದ ಜೊಯಿಡಾ ಮುಟ್ಟಿದ ಕೂಡಲೇ ಅವರಿಗೆ ಫೋನು ಮಾಡುತ್ತೇನೆ. ಮುಂಜಾನೆ ಇಬ್ಬರೂ ಕೂಡಿಯೇ ಆ ಪಡಸಾಲೆಗೆ ಹೋಗುತ್ತೇವೆ. ಅತ್ತೆಗೆ ಮೊಣಕಾಲು ಮಡಚಲು ಬರುವುದಿಲ್ಲ, ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಕಳೆದ ಮಳೆಗಾಲದಲ್ಲಿ ಯೋಗ ಕಲಿಸುವವರು ಮಗಳ ಬಾಣಂತನಕ್ಕೆ ಊರಿಗೆ ಹೋದಾಗ, ಕೀಲಿ ಇಸಿದುಕೊಂಡು ಬಾಗಿಲು ತೆಗೆದವರು ಅತ್ತೆಯೇ. ಮಾತಾಡುತ್ತ ಕೂತ ಹೆಂಗಸರಿಗೆ ಕುರ್ಚಿಯಿಂದಲೇ ಗದರಿದರು: “ಸುದ್ದಿ ಆಮ್ಯಾಲೆ ಹೇಳ್ರೆವಾ. ಮೊದ್ಲ ಉಸಿರು ಬಿಡ್ರಿ.”