ಗಿಳಿಹಸಿರು ಓಲೆ

ಬುಪ್ಪಾ ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ತಿರುಗುತ್ತಿದ್ದಳು. ರಾಚಬುರಿ ಪೇಟೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದು. ಆವತ್ತು ಗಿರಾಕಿಯೊಬ್ಬಳ ಮುಂಗೂದಲನ್ನು ಸೊಟ್ಟಗೆ ಕತ್ತರಿಸಿ ಬೈಸಿಕೊಂಡಿದ್ದೂ ಆಯಿತು. ಸಂಜೆ ಶಾಲೆಯ ಹಳೇ ಗೆಳೆಯರ ಕೂಟ. ಎಲ್ಲರೂ ಎಂಬತ್ತರ ದಶಕದ ವೇಷದಲ್ಲೇ ಬರಬೇಕೆಂದು ಕಟ್ಟಪ್ಪಣೆ. ಥಾವೊನ್ ಕೂಡ ಬರುತ್ತಾನಂತೆ, ಹೆಂಡತಿಯನ್ನು ಕಟ್ಟಿಕೊಂಡು.

ಆ ಕಾಲದ್ದು ಅವಳ ಬಳಿ ಏನಿರಲಿಲ್ಲ? ಕಣ್ಣು ಕುಕ್ಕುವ ಗುಲಾಬಿ ಬಳೆ, ಚುಕ್ಕಿಚುಕ್ಕಿ ಹೇರ್‌ಬ್ಯಾಂಡ್, ಹಳದಿ ಪಟ್ಟಿಯ ವಾಚು. ಒಂದೊಂದನ್ನೂ ಹಾಕಿ ನೋಡಿ ಬಿಸಾಡಿದಳು. ಬೇಕಾಗಿದ್ದದ್ದು ಭುಜಕ್ಕೆ ತಾಗುವ ಗಿಳಿಹಸಿರು ಪ್ಲಾಸ್ಟಿಕ್ ಓಲೆ. ಚೆನ್ನಾಗಿದೆ ಎಂದು ಥಾವೊನ್ ಒಮ್ಮೆ ಅಂದದ್ದಕ್ಕೇ ಈ ಹುಚ್ಚು ಹುಡುಗಿ ಅದನ್ನು ನಿದ್ದೆಯಲ್ಲೂ ಬಿಚ್ಚಿರಲಿಲ್ಲ.

ಆ ಓಲೆ ಊರಾಚೆಯ ತಖಿಯನ್ ಎಂಬ ಹೆಮ್ಮರದಲ್ಲಿ ನೆಲೆಸಿದ ತಾಯಿ ದೇವತೆಯ ಗುಡಿಯಲ್ಲಿತ್ತು. ಸೈನ್ಯಕ್ಕೆ ಹುಡುಗರನ್ನು ಆರಿಸಲು ಚೀಟಿ ಎತ್ತಿಸುವ ವರ್ಷ, ಥಾವೊನ್‌ಗೆ ಕಪ್ಪು ಚೀಟಿ ಬಂದು ಅವನು ಊರಲ್ಲೇ ಉಳಿದರೆ ಓಲೆ ನಿನಗೆ ಎಂದು ಹರಕೆ ಹೊತ್ತಿದ್ದಳು. ಕೆಂಪು ಬಂದವರು ಗಡಿಗೆ ಹೋದರು. ಅವನಿಗೆ ಕಪ್ಪು ಬಂತು. ಓಲೆ ಒಪ್ಪಿಸಿದಳು. ಮರುವರ್ಷ ಅವನು ಅಕ್ಕಿ ಗಿರಣಿಯವರ ಮಗಳನ್ನು ಮದುವೆಯಾದ. ಅಂದಿನಿಂದ ಆ ಮರದ ಹೆಸರೆತ್ತಿದರೆ ಬುಪ್ಪಾಳಿಗೆ ಮೈಯೆಲ್ಲ ಉರಿ.

ಅಂಗಡಿ ಮುಚ್ಚಿ ಸ್ಕೂಟರ್ ಹತ್ತಿದಳು. ಗುಡಿಯಲ್ಲಿ ಹರಕೆಯ ಉಡುಪು, ಸರ, ಬಾಚಣಿಗೆಗಳ ನಡುವೆ ಗಾಜಿನ ಬೀರುವಿನಲ್ಲಿ ಓಲೆ ಹಾಗೇ ಇತ್ತು. ಬದಲಿಗೆ ತಂದಿದ್ದ ಮುತ್ತಿನ ಓಲೆಯನ್ನು ತಾಯಿಯ ಮುಂದಿಟ್ಟು, ಗುಡಿ ನೋಡಿಕೊಳ್ಳುವ ಚುಮ್ ಅಜ್ಜಿಯ ಹತ್ತಿರ ಬೀಗದ ಕೈ ಕೇಳಿದಳು.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೇ?"

"ತಾಯಿ ನಂಗೆ ಮೋಸ ಮಾಡಿದ್ಳಜ್ಜಿ. ಅವ್ನು ಬೇರೆಯವ್ಳನ್ನ ಕಟ್ಕೊಂಡ."

ಅಜ್ಜಿ ಗುಡಿಸುತ್ತಲೇ ಕೇಳಿದಳು. "ನೀನ್ ಏನಂತ ಬೇಡ್ಕೊಂಡಿದ್ದೆ?"

"ಊರಲ್ಲೇ ಉಳೀಲಿ ಅಂತ."

"ಉಳ್ಕೊಂಡ್ನಲ್ಲ. ನನ್ನ ಮದ್ವೆ ಆಗ್ತೀಯಾ ಅಂತ ಅವನ್ನ ಕೇಳಿದ್ಯಾ?"

ಬುಪ್ಪಾ ಕೇಳಿರಲಿಲ್ಲ. ಹರಕೆಯ ವಿಷಯವನ್ನೂ ಅವನಿಗೆ ಹೇಳಿರಲಿಲ್ಲ. ಮಿಕ್ಕದ್ದನ್ನೆಲ್ಲ ತಾಯಿಯೇ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದಳು.

"ಕೇಳಿದ್ರೆ ಹೂಂ ಅಂತಿದ್ನಾ ಅಜ್ಜಿ?"

"ಅದು ತಾಯಿಗೂ ಗೊತ್ತಿರಲ್ಲ ಮಗಾ."

ಅಜ್ಜಿ ಬೀಗದ ಕೈಯನ್ನು ಅವಳ ಮುಂದಿಟ್ಟು ಅಂಗಳಕ್ಕೆ ಹೋದಳು. ಕೂಟದ ಹೊತ್ತು ಮೀರಿದರೂ ಬುಪ್ಪಾ ಅದನ್ನು ಮುಟ್ಟಲಿಲ್ಲ. ಎದ್ದಳು, ಕೂತಳು, ಮತ್ತೆ ಎದ್ದಳು. ಇಷ್ಟು ವರ್ಷ ದೂರಲು ಒಂದು ಮರವಾದರೂ ಇತ್ತು. ಈಗ ಅದೂ ಇರಲಿಲ್ಲ.