ಬಾಳೆಯ ಸುಳಿ ಮತ್ತು ನನ್ನ ಸೇಡು

ಬಾಳೆಕಂದಿನ ಪದರಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಒಳಗೆ ಜೋಳದ ಕಾಳಿಗಿಂತ ಸಣ್ಣ ಬಿಳಿ ಸುಳಿ ಸಿಗುತ್ತದೆ. ಅದನ್ನು ಗಾಯವಾಗದಂತೆ ತೆಗೆದು ಬಾಟಲಿಯಲ್ಲಿ ಬೆಳೆಸಿದರೆ ಒಂದೇ ಕಂದಿನಿಂದ ನೂರಾರು ಸಸಿ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಆ ಕೆಲಸ ಬರುತ್ತಿದ್ದದ್ದು ನನಗೊಬ್ಬಳಿಗೆ. ಬಿಎಸ್ಸಿ ಮುಗಿಸಿ ಚಿತ್ತವಾಡ್ಗಿಯಿಂದ ಸೈಕಲ್ ತುಳಿದು ಬರುತ್ತಿದ್ದ ದಿನಗೂಲಿ ಸಹಾಯಕಿ ನಾನು.

ಎರಡು ವರ್ಷ ಕೆಡಿಸಿ ಕೆಡಿಸಿ ಕಲಿತೆ. ಕಂಪ್ಲಿಯ ಸೋದರಮಾವನ ತೋಟದಿಂದ ತಂದ ಸುಗಂಧಿ ಬಾಳೆ ಬೂಷ್ಟು ಹಿಡಿಯದೆ ಚಿಗುರಿದಾಗ, ಮಾಡಿದ್ದನ್ನೆಲ್ಲ ಬರೆದು ನಮ್ಮ ಮೇಲಧಿಕಾರಿಗೆ ಕೊಟ್ಟೆ. ಕೆಲವು ತಿಂಗಳಿಗೆ ಅದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಕೆಲಸ ನನ್ನದು, ಹೆಸರು ಅವರದೊಂದೇ. ಕೇಳಲು ಹೋದರೆ ತಲೆ ಎತ್ತದೆ ಹೇಳಿದರು:

"ನೀ ಬಾಟ್ಲಿ ತೊಳಿಯಾಕ ಬಂದಾಕಿ. ಅಷ್ಟ ಮಾಡು."

ಬಾಟಲಿ ತೊಳೆದೆ. ಕಾದೆ.

ಕಾಲುವೆ ನೀರಿನಲ್ಲಿ ಭತ್ತ, ಕಬ್ಬು ಬೆಳೆದು ಈಗ ಬಾಳೆಯ ಕಡೆ ಹೊರಳಿದ್ದ ಕಂಪ್ಲಿಯ ರೈತರಿಗೆ ಒಂದು ವಾರದ ತರಬೇತಿ ಬಂತು. ಪ್ರತಿಸಲ ಮೇಲಧಿಕಾರಿ ಮಾತಾಡುವುದು, ನಾನು ಕತ್ತರಿಸಿ ತೋರಿಸುವುದು. ಈ ಸಲ ಮೊದಲ ದಿನ ಕಂದು, ಚಾಕು, ಚಿಮಟ, ಸ್ಪಿರಿಟ್ ದೀಪ ಎಲ್ಲವನ್ನೂ ಜೋಡಿಸಿಟ್ಟು ದೂರ ನಿಂತೆ. ಅವರು ಶುರು ಮಾಡೆಂದು ಸನ್ನೆ ಮಾಡಿದರು.

"ನನಗ ಬರಂಗಿಲ್ರಿ ಸರ್. ನಾ ಬಾಟ್ಲಿ ತೊಳಿಯಾಕಿ. ತಾವ ತೋರಿಸ್ರಿ," ಎಂದೆ.

ರೈತರೆಲ್ಲ ನೋಡುತ್ತಿದ್ದರು, ಅವರು ಚಾಕು ಹಿಡಿಯಲೇಬೇಕಾಯಿತು. ಮೊದಲ ಕಂದಿನ ಸುಳಿ ಎರಡು ಹೋಳಾಯಿತು. ಉಳಿದವು ಹೇಗೋ ಬಾಟಲಿ ಸೇರಿದವು. ಬೂಷ್ಟು ತಗಲದಂತೆ ಚಿಮಟವನ್ನು ದೀಪದಲ್ಲಿ ಕಾಯಿಸುವುದನ್ನು ಅವರು ಮರೆತದ್ದು ನನಗೆ ಕಂಡಿತು. ನಾನು ಬಾಯಿ ಬಿಡಲಿಲ್ಲ. ಬಾಟಲಿಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಅವರ ಹೆಸರು ಬರೆದು ಮುಂದಿನ ಸಾಲಿನಲ್ಲೇ ಇಟ್ಟೆ.

ಕೊನೆಯ ದಿನ ಹಿರಿಯ ರೈತರೊಬ್ಬರು ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಕಪ್ಪು ಬೂಷ್ಟು.

"ಹೆಸರು ನಿಮ್ದ ಐತಲ್ರಿ ಸರ್. ಇದೇನು ಹಿಂಗಾತು?"

ಮೇಲಧಿಕಾರಿ ಬಾಟಲಿ ಇಸಿದುಕೊಂಡು ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದರು. ಅದು ನನಗೆ ಭಾಳ ರುಚಿಸಿತು. ಆಗ ನಾನು ಮೊದಲೇ ಬೆಳೆಸಿದ್ದ ಹಸಿರು ಚಿಗುರಿನ ಬಾಟಲಿಗಳನ್ನು ತಂದು ಪಕ್ಕಕ್ಕಿಟ್ಟೆ.

ಮುಂದಿನ ತಿಂಗಳು ನನ್ನನ್ನು ಕೆಲಸಕ್ಕೆ ಬರಬೇಡವೆಂದರು. ಅವರ ಕುರ್ಚಿ ಅಲುಗಲಿಲ್ಲ. ಆದರೆ ಆ ರೈತರೇ ನನ್ನನ್ನು ಕಂಪ್ಲಿ ರಸ್ತೆಯ ಹೊಸ ನರ್ಸರಿಗೆ ಸೇರಿಸಿದರು. ಕೆಲವೇ ವರ್ಷಗಳಲ್ಲಿ ಅದರ ಪ್ರಯೋಗಾಲಯ ನನ್ನ ಕೈಗೆ ಬಂತು.

ಒಂದು ಮಧ್ಯಾಹ್ನ ಆ ಹಳೆಯ ಮೇಲಧಿಕಾರಿಯೇ ಬಂದರು, ನಿವೃತ್ತರಾಗಿ, ಸ್ವಂತ ಹೊಲಕ್ಕೆ ಸಸಿ ಬೇಕೆಂದು. ನೆರಳುಪರದೆಯ ಕೆಳಗೆ ಸಸಿಗಳು ಸಾಲಾಗಿ ನಿಂತಿದ್ದವು, ಅವರಿಗೂ ಕಾಣುತ್ತಿದ್ದವು. ಇಲ್ಲವೆಂದು ಹೇಳಿದೆ. ಅವರು ಬಿಸಿಲಲ್ಲಿ ಬಸ್ ನಿಲ್ದಾಣದವರೆಗೆ ನಡೆದು ಹೋಗುವುದನ್ನು ಕೊನೆಯವರೆಗೂ ನಿಂತು ನೋಡಿದೆ.